ಹನ್ನೆರಡನೆಯ ಸಾಕ್ಷಿ

ಹನ್ನೊಂದು ಜನ ಸೇರಿದ್ದರು, ಒಬ್ಬ ಕಡಿಮೆ ಬಿದ್ದಿದ್ದ. ಜಲ್ಲಾಬ ನಿಲುವಂಗಿ ಹೊಲಿಯುತ್ತ ಕೂತಿದ್ದ ಅಲ್ಲಾಲನನ್ನು ಬುಶ್ತಾ ಅಂಗಡಿಯಿಂದ ಎಬ್ಬಿಸಿಕೊಂಡು ಹೋದ. ಸಫ್ರೂ ಊರಿನಲ್ಲಿ ಕ್ರಯಪತ್ರವಿಲ್ಲದ ಮನೆಗೆ ಹನ್ನೆರಡು ನೆರೆಯವರ ಮಾತೇ ಪತ್ರ. ಅವರು ಹೇಳಿದ್ದನ್ನು ದಸ್ತಾವೇಜು ಬರೆಯುವ ಅದುಲ್ ಬರೆದುಕೊಂಡರೆ ಆಯಿತು. ಕರೆದಾಗ ಹೋಗದಿರುವುದು ಹೆಣಕ್ಕೆ ಹೆಗಲು ಕೊಡದಿರುವಷ್ಟೇ ಕೆಟ್ಟದ್ದು.

ಅದುಲ್ ಮೊದಲೇ ಬರೆದಿಟ್ಟಿದ್ದನ್ನು ಓದಿದ. ಮನೆ ಬುಶ್ತಾನ ಅಪ್ಪನದಂತೆ, ತೀರಿಕೊಂಡ ಚಿಕ್ಕಪ್ಪ ಸುಮ್ಮನೆ ವಾಸಕ್ಕಿದ್ದವನಂತೆ. ಚಿಕ್ಕಪ್ಪ ಆ ಮನೆ ಕೊಂಡಾಗ ಹಾಕಿಸಿದ ಕುಸ್ಕುಸ್ ಊಟ ಅಲ್ಲಾಲನೇ ಉಂಡಿದ್ದ. ಆದರೆ ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು, ಕೈಯಲ್ಲಿ ಬುಶ್ತಾನ ಪುದೀನ ಚಹಾ ಇತ್ತು. ಹನ್ನೆರಡನೆಯ ಹೆಸರು ಬರೆದುಕೊಳ್ಳಲೆಂದು ತೆಪ್ಪಗೆ ಗುರುತಿನ ಚೀಟಿ ತೆಗೆದುಕೊಟ್ಟ. ಇಂಥ ಮೆತ್ತನೆಯ ಮನುಷ್ಯರಿಂದಲೇ ಎಷ್ಟೋ ಮನೆ ಹಾಳಾಗಿವೆ.

ಚಿಕ್ಕಪ್ಪನ ವಿಧವೆ ಯಾಮ್ನಾ ಕೋರ್ಟಿಗೆ ಹೋದಳು.

"ಇವರದ್ದು ಬರೀ ಬಾಯಿಮಾತು ಸ್ವಾಮಿ, ನಮ್ಮದು ಬರಹ," ಎಂದ ಬುಶ್ತಾನ ವಕೀಲ.

"ಆ ಬರಹ ಹುಟ್ಟಿದ್ದೂ ಬಾಯಿಂದ್ಲೇ ಅಲ್ವೇನ್ರೀ? ಆ ಬಾಯಿಗಳನ್ನ ನಾನೂ ಒಂದ್ಸಲ ಕೇಳ್ತೀನಿ," ಎಂದರು ನ್ಯಾಯಾಧೀಶರು.

ಒಬ್ಬೊಬ್ಬರೇ ಬಂದು ಒಂದೇ ವಾಕ್ಯ ಒಪ್ಪಿಸಿದರು.

"ಎಲ್ರಿಗೂ ಒಬ್ರೇ ಮೇಷ್ಟ್ರು ಪಾಠ ಮಾಡಿದ ಹಾಗಿದೆ!" ಎಂದರು ನ್ಯಾಯಾಧೀಶರು.

ಕೊನೆಗೆ ಅಲ್ಲಾಲ. ಅವನ ನಾಲಗೆಯ ಮೇಲೂ ಅದೇ ಪಾಠವಿತ್ತು. ಅಷ್ಟರಲ್ಲಿ ಯಾಮ್ನಾ ಎದ್ದು ನಿಂತಳು.

"ಉಳಿದೋರು ಏನಾದ್ರೂ ಹೇಳ್ಕೊಳ್ಳಲಿ ಸ್ವಾಮಿ. ಅಲ್ಲಾಲ್ ಸಾಹೇಬ್ರು ಮಾತ್ರ ಸುಳ್ಳು ಹೇಳೋರಲ್ಲ. ನನ್ನ ಯಜಮಾನರನ್ನ ಮಣ್ಣು ಮಾಡೋವಾಗ ಕಫನ ಹೊಲಿದೋರು. ಮನೆ ಬುಶ್ತಾಂದು ಅಂತ ಇವರೊಬ್ರು ಅಂದ್ಬಿಡ್ಲಿ, ಬೀಗದಕೈ ಇಲ್ಲೇ ಇಟ್ಟು ಹೋಗ್ತೀನಿ."

ಅಲ್ಲಾಲನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

"ಮನೆ ಕೊಂಡಿದ್ದು ಇವರ ಯಜಮಾನರೇ ಸ್ವಾಮಿ. ಆ ಊಟ ನಾನು ಉಂಡಿದೀನಿ. ಒಬ್ರು ಕಮ್ಮಿ ಇದಾರೆ ಅಂತ ಕರೆದ್ರು... ಹೋದೆ."

"ನನ್ನ ಚಹಾ ಕುಡಿದು ನನಗೇ ಎರಡು ಬಗೆದ್ಯಲ್ಲೋ!" ಬುಶ್ತಾ ಹಲ್ಲು ಕಡಿದ.

"ಹನ್ನೆರಡರಲ್ಲಿ ಒಂದು ಬಿತ್ತು," ಎಂದರು ನ್ಯಾಯಾಧೀಶರು. "ಈ ಕಾಗದ ಇನ್ನು ನಿಲ್ಲಲ್ಲ."

ಅಲ್ಲಾಲ ಹೊರಗೆ ಮೆಟ್ಟಿಲ ಹತ್ತಿರ ಕಾದ. ಅವಳ ಬಾಯಿಂದ ಒಂದು ಒಳ್ಳೆಯ ಮಾತು ಬರಲೆಂದು ಕಾಯುತ್ತಿದ್ದೇನೆ ಎನ್ನುವುದು ಅವನಿಗೇ ಗೊತ್ತಿತ್ತು, ನಾಚಿಕೆಯೂ ಆಗುತ್ತಿತ್ತು. ಆದರೂ ನಿಂತಿದ್ದ.

ಯಾಮ್ನಾ ಬಂದಳು. "ನಾನು ನಿಮ್ಮ ಹೆಸರು ಎತ್ತದೇ ಇದ್ದಿದ್ರೆ ಏನು ಹೇಳ್ತಿದ್ರಿ?"

ಅವನು ತಲೆ ತಗ್ಗಿಸಿದ. "ಅವರ ಹಾಗೇ ಹೇಳ್ತಿದ್ದೆ, ತಾಯೀ."

"ಗೊತ್ತಿತ್ತು," ಎಂದಳು ಯಾಮ್ನಾ. "ಅದಕ್ಕೇ ಎಲ್ಲರೆದುರು ಸುಳ್ಳು ಹೇಳೋರಲ್ಲ ಅಂದೆ."