ಬರ್ಹಿ ಮರಕ್ಕೆ ಜಾಮೀನು

ನಮ್ಮಲ್ಲಿ ಹಣ್ಣು ಬಿಡದ ಖರ್ಜೂರದ ಮರವನ್ನು ಹೆದರಿಸುವ ಪದ್ಧತಿಯಿದೆ. ಒಬ್ಬರು ಕೊಡಲಿ ಎತ್ತಿ 'ಕಡಿದುಬಿಡ್ತೀನಿ' ಅನ್ನಬೇಕು. ಇನ್ನೊಬ್ಬರು ಅಡ್ಡ ಬಂದು 'ಈ ವರ್ಷ ಬಿಟ್ಟುಬಿಡು, ನಾನು ಜಾಮೀನು' ಅನ್ನಬೇಕು. ಎತ್ತಿದವನು ತಾನಾಗಿ ಕೊಡಲಿ ಇಳಿಸುವಂತಿಲ್ಲ, ಇಳಿಸಿದರೆ ಮರಕ್ಕೆ ಸದರವಾಗುತ್ತದಂತೆ. ಬಸ್ರಾ ಸೀಮೆಯಲ್ಲೇ ಹುಟ್ಟಿ ಬೆಳೆದ ನಾನು ಈ ಆಟವನ್ನು ಎಷ್ಟೋ ಸಲ ನೋಡಿದ್ದೇನೆ. ಒಂದು ಮರಕ್ಕೂ ಗಾಯವಾಗಿದ್ದು ಕಂಡಿರಲಿಲ್ಲ.

ಅಮ್ಮ ನೆಟ್ಟುಹೋದ ಬರ್ಹಿ ತಳಿಯ ಖರ್ಜೂರದ ಮರ ಎರಡು ವರ್ಷದಿಂದ ಬರಡಾಗಿತ್ತು. ಅದಕ್ಕೆ ಕಾರಣ ನನ್ನ ತಮ್ಮ ಜಾಸಿಬ್. ಮೀನಿನ ಹೊಂಡಕ್ಕೆಂದು ಕಾಲುವೆಯ ಬಾಯಿಗೆ ಮಣ್ಣಿನ ಒಡ್ಡು ಕಟ್ಟಿದ್ದ. ನದಿ ಉಬ್ಬಿದಾಗ ತೋಟಕ್ಕೆ ಹರಿಯುತ್ತಿದ್ದ ಸಿಹಿನೀರು ನಿಂತು, ಹೊಂಡದ ಉಪ್ಪುನೀರು ಬೇರಿಗೆ ಇಳಿಯುತ್ತಿತ್ತು. ಹೇಳಿ ಹೇಳಿ ನನ್ನ ನಾಲಿಗೆ ಸವೆದಿತ್ತು.

"ಮರ ಸೋಮಾರಿ ಕಣಕ್ಕಾ, ಹೆದರಿಸಿದ್ರೆ ಸರಿಹೋಗುತ್ತೆ" ಅಂದ. ಮಾಡಿದ್ದು ಇವನು, ಬೈಸಿಕೊಳ್ಳುವುದು ಮರ! ನನಗೆ ಮೈಯೆಲ್ಲ ಉರಿಯಿತು.

ಚಳಿ ಕಳೆಯುತ್ತಿದ್ದ ಒಂದು ಶುಕ್ರವಾರ, ನಮಾಜು ಮುಗಿಸಿ ನೆರೆಯವರು ತೋಟಕ್ಕೆ ಬಂದರು. ಜಾಮೀನು ನಿಲ್ಲಬೇಕಾದವಳು ನಾನು. ಜಾಸಿಬ್ ಕೊಡಲಿ ಎತ್ತಿದ.

"ಏ ಸೋಂಬೇರಿ! ಕುಡಿಯೋಕೆ ಬರುತ್ತೆ, ಕೊಡೋಕೆ ಬರಲ್ವಾ? ಕಡಿದು ಒಲೆಗೆ ಹಾಕ್ತೀನಿ ನೋಡು!"

ಎಲ್ಲರೂ ನಕ್ಕರು. ಪಕ್ಕದ ಮನೆಯ ಮುದುಕ ಹಾಜಿ ಮಿಜ್ಬಾನ್, "ಬೇಗ ಹೇಳಮ್ಮಾ ಫಖ್ರಿಯಾ, ಚಾ ಆರಿಹೋಗುತ್ತೆ" ಅಂದರು.

ನಾನು ಕದಲಲಿಲ್ಲ. "ಕಾಲುವೆ ಬಿಡಿಸ್ತೀನಿ ಅಂತ ಇವನು ಎಲ್ಲರ ಮುಂದೆ ಹೇಳಲಿ. ಆಮೇಲೆ ಜಾಮೀನು."

ನಗು ನಿಂತಿತು. ಜಾಸಿಬನ ಮುಖ ಕೆಂಪೇರಿತು. "ಅದನ್ನ ಮನೇಲಿ ಮಾತಾಡೋಣ. ಈಗ ಬಂದು ನಿಲ್ಲಕ್ಕಾ."

"ಮೊದಲು ನೀನು ಹೇಳು."

"ನಾನೇ ನಿಲ್ತೀನಿ ಬಿಡ್ರಪ್ಪಾ" ಎಂದು ಹಾಜಿ ಮುಂದೆ ಬಂದರು.

"ನಮ್ಮಮ್ಮನ ಮರ ಹಾಜಿ, ನೀವು ಸುಮ್ಮನಿರಿ" ಅಂದುಬಿಟ್ಟೆ.

ಮೊದಲ ಏಟು ಬಿತ್ತು. ಕೊಡಲಿಯ ಹಿಂಬದಿಯಿಂದಲ್ಲ, ಅಲಗಿನಿಂದಲೇ. ಆದರೂ ಇನ್ನೊಂದು ಏಟಿಗೆ ನಿಲ್ಲಿಸುತ್ತಾನೆ ಅಂದುಕೊಂಡೆ. ಇನ್ನೊಂದು ಏಟಿಗೆ ಅಕ್ಕ ಬಾಯಿ ಬಿಡುತ್ತಾಳೆ ಅಂದುಕೊಂಡಿರಬೇಕು ಅವನು. ಪ್ರತಿ ಏಟಿಗೂ ನನ್ನ ಮುಖ ನೋಡುತ್ತಿದ್ದ. ಆ ನೋಟದಲ್ಲಿ ಬೇಡಿಕೆಯಿತ್ತು, ನನಗದು ಗೊತ್ತಿತ್ತು. ಹಾಳು ಹಟ! ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಯಾರು ಯಾರಿಗೆ ಕಮ್ಮಿ? ನಾನು ಬಾಯಿ ತೆರೆಯುವಷ್ಟರಲ್ಲಿ ಮರ ನರಳಿತು. ಜನ ಚೆದುರಿ ಓಡಿದರು.

ಧೂಳು ಇಳಿದ ಮೇಲೆ ಹಾಜಿ ಗರಿಗಳನ್ನು ಸರಿಸಿದರು. "ಯಾ ಅಲ್ಲಾಹ್!" ಎಂದು ನಮ್ಮನ್ನು ಹತ್ತಿರ ಕರೆದರು.

ಸುಳಿಯ ಸಂದಿಯಲ್ಲಿ, ಕೆಳಗಿನಿಂದ ಯಾರಿಗೂ ಕಾಣದಂತೆ, ಏಳು ಹೊಂಬಾಳೆಗಳಿದ್ದವು. ಬಿದ್ದ ರಭಸಕ್ಕೆ ಒಂದು ಒಡೆದು, ಅಕ್ಕಿಯಂಥ ಬಿಳಿ ಮೊಗ್ಗು ಮಣ್ಣಿಗೆ ಚೆಲ್ಲಿತ್ತು. ನಾವು ಕುಡಿಸಿದ ಉಪ್ಪನ್ನೇ ಕುಡಿದು ಈ ವರ್ಷ ಮರ ಹಣ್ಣಿಗೆ ಸಿದ್ಧವಾಗಿತ್ತು.

ಜಾಸಿಬ್ ಮೊಗ್ಗುಗಳನ್ನು ಬಾಚಿ ಮಡಿಲಲ್ಲಿಟ್ಟುಕೊಂಡ. "ಒಂದು ಮಾತಕ್ಕಾ... ಯಾಕೆ ಹೇಳ್ಲಿಲ್ಲ?"

ನಾನು ಬಿದ್ದ ಕಾಂಡವನ್ನು ತಬ್ಬಿಕೊಂಡೆ. ಬಾಯಿಂದ ಹೊರಟಿದ್ದು ಅದೇ ಮಾತು.

"ಈ ವರ್ಷ ಬಿಟ್ಟುಬಿಡು. ನಾನು ಜಾಮೀನು."