ಹತ್ತೊಂಬತ್ತು ಗಾಥೆಗಳಷ್ಟು ದೂರ

ಹುಂಜದ ಕೊಕ್ಕು ಮತ್ತೆ ನನ್ನ ಮೊಣಕಾಲಿಗೆ ತಾಗಿತು, ಬಿದಿರು ಬುಟ್ಟಿಯ ಸಂದಿನಲ್ಲಿ ಕೆಂಪು ಅಂಚಿನ ಗುಂಡು ಕಣ್ಣೊಂದು ನನ್ನನ್ನೇ ನೋಡುತ್ತಿದೆ, ನೋಡಪ್ಪಾ ನೋಡು, ಬಸ್ಸು ಹೊರಡಿಸುವುದು ನಿನ್ನ ಕೈಲೂ ಇಲ್ಲ ನನ್ನ ಕೈಲೂ ಇಲ್ಲ, ಎಂಟಕ್ಕೆ ಎಂದು ಹಲಗೆಯ ಮೇಲೆ ಬರೆದಿದೆ, ಎಂಟಾಗಿ ಹತ್ತು ನಿಮಿಷವಾಯಿತು, ಚಾಲಕ ಸುವಿತ್ ಇನ್ನೂ ಗಾಡಿಯ ನೆರಳಲ್ಲಿ ಕುಕ್ಕರುಗಾಲಲ್ಲಿ ಕೂತು ಸುಟ್ಟ ಕೋಳಿಯ ಮೂಳೆ ಚೀಪುತ್ತಿದ್ದಾನೆ, ಎಂಜಿನ್ ಮಾತ್ರ ತನ್ನ ಪಾಡಿಗೆ ಗಡಗಡ ಅನ್ನುತ್ತಿದೆ, ಸೀಟು ನಡುಗುತ್ತಿದೆ, ಸೀಟಿನ ಮೇಲಿನ ನಾನೂ ನಡುಗುತ್ತಿದ್ದೇನೆ, ಒಂಬತ್ತಕ್ಕೆ ನೊಂಗ್‌ವೇಂಗ್ ಊರಿನ ವಿಹಾರದಲ್ಲಿ ಭಿಕ್ಷುಗಳು ಪೀಠ ಏರುತ್ತಾರೆ, ಮೊದಲನೆಯ ಕಾಂಡ, ಬುದ್ಧನ ಹಿಂದಿನ ಜನ್ಮವಾದ ವೆಸ್ಸಂತರ ರಾಜನ ಕಥೆಯ ಹದಿಮೂರರಲ್ಲಿ ಮೊದಲನೆಯದು, ಅದು ಹತ್ತೊಂಬತ್ತೇ ಗಾಥೆ, ಎಲ್ಲಕ್ಕಿಂತ ಚಿಕ್ಕದು, ಚಪ್ಪಲಿ ಬಿಟ್ಟು ಕಾಲು ತೊಳೆಯುವಷ್ಟರಲ್ಲಿ ಮುಗಿದುಹೋಗುತ್ತದೆ. ನಿನ್ನೆಯೇ ಹೋಗಬೇಕಿತ್ತು, ಆದರೆ ಶಾಲೆಯ ಆಟೋಟಕ್ಕೆ ಎಂಬತ್ತು ಪೊಟ್ಟಣ ಅಂಟಕ್ಕಿ ಅನ್ನ ಕೊಡುತ್ತೇನೆಂದು ತಿಂಗಳ ಹಿಂದೆಯೇ ಒಪ್ಪಿಕೊಂಡಿದ್ದೆ, ಮಕ್ಕಳ ಊಟಕ್ಕೆ ಮಾತು ತಪ್ಪಿ ಧರ್ಮ ಕೇಳಲು ಹೋದರೆ ಅದೆಂಥ ಕೇಳಿಕೆ, ಬೆಳಗಿನ ಜಾವವೇ ಬೇಯಿಸಿ ಕಟ್ಟಿಟ್ಟು, ನನ್ನ ಯಜಮಾನನ ಕೈಗೆ ಅಂಗಡಿ ಒಪ್ಪಿಸಿ, ಬಸ್ ನಿಲ್ದಾಣಕ್ಕೆ ಬರಲು ಮಾರುಕಟ್ಟೆಯ ಎದುರು ಎರಡು ಬೆಂಚಿನ ಬಾಡಿಗೆ ಗಾಡಿ ಹತ್ತಿದೆ, ಅದೋ ನಮ್ಮ ರೊಯೆಟ್ ಪಟ್ಟಣದ ನಡುವಿನ ಕೆರೆಯನ್ನು ಪ್ರದಕ್ಷಿಣೆ ಹಾಕುವ ಭಕ್ತನ ಹಾಗೆ ಸುತ್ತಿತು, ಒಬ್ಬಳು ಗಂಟೆ ಒತ್ತಿ ಇಳಿದು ಪರಂಗಿಕಾಯಿಯ ಕೋಸಂಬರಿ ಕುಟ್ಟಿಸಿಕೊಂಡು ಬಂದಳು, ಅಲ್ಲಿಯವರೆಗೂ ಗಾಡಿ ನಿಂತಿತ್ತು, ಖಾರ ಎಷ್ಟು ಹಾಕಿಸಿದೆ ತಂಗಿ ಅಂತ ಗಾಡಿಯವನೇ ಕೇಳಿದ, ಐದು ಮೆಣಸಿನಕಾಯಿ ಅಣ್ಣ, ಐದಾ, ಗಂಡನ ಮೇಲೆ ಸಿಟ್ಟಿದೆಯಾ ಹೇಗೆ, ಎಲ್ಲರೂ ನಕ್ಕರು, ನಾನೂ ನಕ್ಕೆ, ನಗುತ್ತಲೇ ಗಡಿಯಾರ ನೋಡಿದೆ.

ಅಬ್ಬ, ಬಸ್ಸು ಹೊರಟಿತು — ಹೊರಟಿತು ಅಂದುಕೊಂಡರೆ ಗೇಟಿನಲ್ಲೇ ಮತ್ತೆ ನಿಂತಿತು, ಮುಪ್ಪಿನ ಭಿಕ್ಷುಗಳೊಬ್ಬರು ಹತ್ತಿದರು, ಒಂದು ಕಣ್ಣಿಗೆ ಬಿಳಿಯ ಪಟ್ಟಿ, ನಿನ್ನೆ ಕಣ್ಣಾಸ್ಪತ್ರೆಗೆ ಬಂದವರಂತೆ, ಬಾಗಿಲ ಬಳಿಯ ಸೀಟಿನಲ್ಲಿದ್ದ ಮೂವರು ಹೆಂಗಸರು, ಭಿಕ್ಷುಗಳ ಪಕ್ಕ ಹೆಂಗಸರು ಕೂರಬಾರದಲ್ಲ, ಒಟ್ಟಿಗೆ ಎದ್ದು ಹಿಂದೆ ಸರಿದರು, ಸರಿದವರಿಗೆ ಜಾಗ ಕೊಡಲು ಇನ್ನಿಬ್ಬರು ಸರಿದರು, ಕೊನೆಗೆ ಇಡೀ ಬಸ್ಸೇ ಒಂದೊಂದು ಸೀಟು ಹಿಂದಕ್ಕೆ ಹೋದಂತಾಯಿತು, ಮಂಜುಗಡ್ಡೆಯ ಪೆಟ್ಟಿಗೆ ಹೊತ್ತವಳು ನನ್ನ ಪಕ್ಕಕ್ಕೆ ಬಂದಳು, ಎಡಗಡೆ ಹುಂಜ ಬಲಗಡೆ ಮಂಜು, ನಿರ್ವಾಹಕಿ ಬುವಾಲೈ ತಗಡಿನ ಉದ್ದನೆಯ ಡಬ್ಬಿ ಟಕಟಕ ಬಡಿಯುತ್ತಾ ಬಂದಳು, ಸುವಿತನ ಹೆಂಡತಿ ಅವಳು, ಮನೆಯಲ್ಲೂ ಅವನಿಗೆ ಟಿಕೆಟು ಹರಿಯುತ್ತಾಳೆಂದು ನಿಲ್ದಾಣದಲ್ಲೆಲ್ಲ ಮಾತು, ಪುನ್ ದೊಡ್ಡಮ್ಮ, ಇವತ್ತು ಪುಣ್ಯ ಕಟ್ಕೊಳ್ಳೋಕೆ ಹೊರಟ್ರಾ, ಇಲ್ಲ ಕಣೆ, ಶಾವಿಗೆ ತಿನ್ನೋಕೆ, ಅಂದೆ, ಪೂರ್ತಿ ಸುಳ್ಳೇನೂ ಅಲ್ಲ, ಈ ಹಬ್ಬದ ದಿನ ಯಾರ ಮನೆಗೆ ಹೋದರೂ ಹುಳಿಹಿಟ್ಟಿನ ಶಾವಿಗೆ ಬಡಿಸುತ್ತಾರೆ, ಒಂದು ವರ್ಷ ಎರಡನೆಯ ತಟ್ಟೆಗೆ ಕೈ ಚಾಚಿದ್ದಾಗಲೇ ಅತ್ತ ಕಥೆಯಲ್ಲಿ ಮುದುಕ ಜೂಜಕ ಬ್ರಾಹ್ಮಣ ಹೆಂಡತಿಯ ಕಾಟಕ್ಕೆ ಮನೆ ಬಿಟ್ಟು ಹೊರಟೇ ಹೋಗಿದ್ದ, ಆ ಕಾಂಡ ಹೋಯಿತು, ಆ ವರ್ಷವೂ ಹೋಯಿತು. ಹದಿಮೂರೂ ಕಾಂಡ ಒಂದೇ ದಿನ, ಮೊದಲಿನಿಂದ ಕೊನೆಯವರೆಗೆ ಕೇಳಿದವರು ಮುಂದೆ ಮೈತ್ರೇಯ ಬುದ್ಧ ಬರುವ ಕಾಲದಲ್ಲಿ ಹುಟ್ಟುತ್ತಾರೆ, ಆಗ ಹೊಳೆ ಒಂದು ದಡದಲ್ಲಿ ಮೇಲಕ್ಕೂ ಇನ್ನೊಂದು ದಡದಲ್ಲಿ ಕೆಳಕ್ಕೂ ಹರಿಯುತ್ತದಂತೆ, ಎಲ್ಲರೂ ಒಂದೇ ಸಮ ಚೆಂದವಂತೆ, ಮೆಟ್ಟಿಲಿಳಿದು ಬೀದಿಗೆ ಬಂದರೆ ಯಾರು ಯಾರ ಗಂಡನೆಂದು ಗುರುತೇ ಸಿಗುವುದಿಲ್ಲವಂತೆ, ಹಾಗೆಂದು ಯಜಮಾನನಿಗೆ ಹೇಳಿದರೆ, ನೀನು ಬೈಯೋಕೆ ಬಾಯಿ ತೆಗಿ, ನಾನು ಗುರುತು ಹಿಡೀತೀನಿ, ಅನ್ನುತ್ತಾನೆ. ಅಮ್ಮ ಹನ್ನೊಂದು ವರ್ಷ ಪೂರ್ತಿ ಕೇಳಿದವಳು, ಅವಳು ಅಲ್ಲಿಗೆ ಹೋಗುವುದು ಖಂಡಿತ, ಮಗ್ಗದ ಮುಂದೆ ಕೂತು ಲಾಳಿ ಅತ್ತ ಹೋದರೆ ಒಂದು ಸಾಲು, ಇತ್ತ ಬಂದರೆ ಒಂದು ಸಾಲು, ಮೊದಲ ಕಾಂಡದ ಗಾಥೆಗಳನ್ನು ನನಗೆ ಕಲಿಸಿದ್ದು ಹಾಗೆಯೇ, ಇಂದ್ರನ ರಾಣಿ ಫುಸತಿ ಸ್ವರ್ಗ ಬಿಟ್ಟು ಭೂಮಿಗೆ ಇಳಿಯುವ ಮುಂಚೆ ಕೇಳುವ ಹತ್ತು ವರಗಳು, ಜಿಂಕೆಮರಿಯ ಕಣ್ಣು, ಕಪ್ಪು ಹುಬ್ಬು, ದಾನಿಯಾದ ಮಗ, ಅವನೇ ವೆಸ್ಸಂತರ, ನರೆಯದ ಕೂದಲು, ಜೋಲದ ಎದೆ, ಅಲ್ಲಿಗೆ ಬಂದರೆ ಅಮ್ಮ ಲಾಳಿ ನಿಲ್ಲಿಸಿ ನಗುತ್ತಿದ್ದಳು, ಅಷ್ಟು ದೊಡ್ಡವನ ಮುಂದೆ ನಾಚದೆ ಕೇಳಿದಳಲ್ಲೇ ಮಗಳೇ, ಅದೇ ಜಾಣತನ, ಬೇಕಾದ್ದನ್ನ ಬಾಯಿ ಬಿಟ್ಟು ಕೇಳಬೇಕು. ನಾನು ಅಲ್ಲಿ ಹುಟ್ಟದೆ ಹೋದರೆ ಆ ಚೆಂದದ ಊರಿನಲ್ಲಿ ಅಮ್ಮನಿಗೆ ಮಗಳು ಯಾರು, ಲಾಳಿಯ ಸದ್ದಿಗೆ ಸಾಲು ಕೂಡಿಸುವವರು ಯಾರು, ಅರವತ್ತಾರು ವರ್ಷವಾಯಿತು, ಒಂದು ಸಲವೂ ಪೂರ್ತಿ ಕೇಳಿಲ್ಲ, ಮಹಾವನದ ವರ್ಣನೆಯಲ್ಲಿ ನಿದ್ದೆ ಹೋಗಿದ್ದೇನೆ, ವೆಸ್ಸಂತರನ ಹೆಂಡತಿ ಮದ್ದಿ ದೇವಿ ಕಾಡಿನಲ್ಲಿ ಮಕ್ಕಳನ್ನು ಹುಡುಕುವಾಗ ನನಗೇ ಹೆರಿಗೆ ನೋವು ಬಂದಿತ್ತು, ಮಗಳಿಗೆ ಮದ್ದಿ ಎಂದೇ ಹೆಸರಿಟ್ಟೆವು, ಅದೇನೋ ಸರಿ, ಆದರೆ ಹೋದ ವರ್ಷ, ಹೋದ ವರ್ಷದ್ದು ಯಾರಿಗೂ ಗೊತ್ತಿಲ್ಲ, ಬೆಳಗಿನಿಂದ ಸಂಜೆಯವರೆಗೆ ಕದಲದೆ ಕೈ ಮುಗಿದು ಕೂತಿದ್ದೆ, ಎಲ್ಲರೂ ಸಾಧು ಸಾಧು ಅಂದರು, ಆಗ ಹೊಳೆಯಿತು, ಒಂದು ಇಡೀ ಕಾಂಡ ನಾನು ಒಲೆ ಆರಿಸಿ ಬಂದೆನೋ ಇಲ್ಲವೋ ಎಂದು ಯೋಚಿಸುತ್ತಿದ್ದೆ, ಕಿವಿ ಅಲ್ಲಿತ್ತು, ನಾನು ಒಲೆಯ ಹತ್ತಿರ ಇದ್ದೆ, ನನ್ನ ತಲೆಯೂ ಈ ಬಸ್ಸಿನ ಹಾಗೆಯೇ, ಕೈ ಅಡ್ಡ ಹಾಕಿದವರನ್ನೆಲ್ಲ ಹತ್ತಿಸಿಕೊಳ್ಳುತ್ತದೆ.

ಮತ್ತೆ ನಿಂತಿತು. ಯಾಕಪ್ಪ ಈಗ, ಟ್ರ್ಯಾಕ್ಟರಿನ ಬೆಲ್ಟು, ನಿಲ್ದಾಣದ ಅಂಗಡಿಯವನು ಕೊಟ್ಟುಕಳಿಸಿದ್ದು, ಕಾಲುವೆಯ ಹತ್ತಿರ ತೆಗೆದುಕೊಳ್ಳಲು ಬರುತ್ತೇನೆಂದವನು ಬಂದಿಲ್ಲ, ಸುವಿತ್ ಹಾರನ್ ಬಾರಿಸುತ್ತಾನೆ, ಎಮ್ಮೆ ತಲೆಯೆತ್ತುತ್ತದೆ, ಮನುಷ್ಯ ಬರುವುದಿಲ್ಲ, ಕೊನೆಗೆ ತಲೆ ಬಾಚಿಕೊಳ್ಳುತ್ತಾ ಒಬ್ಬ ಬಂದ, ಮದುವೆಗೆ ಹೊರಟವನ ಹಾಗೆ ನಿಧಾನವಾಗಿ, ಇದೇ ಅಳತೆಯೇನಣ್ಣಾ, ನನಗೇನು ಗೊತ್ತೋ, ನಾನೇನು ಟ್ರ್ಯಾಕ್ಟರಾ, ಅಂದ ಸುವಿತ್, ಬುವಾಲೈ ಡಬ್ಬಿ ಬಡಿದಳು, ಅಳತೆ ಮನೇಲಿ ನೋಡ್ಕೋ, ಇಲ್ಲಿ ದೊಡ್ಡಮ್ಮನ ಸ್ವರ್ಗ ತಪ್ಪಿಹೋಗ್ತಿದೆ, ಎಲ್ಲರೂ ನನ್ನ ಕಡೆ ತಿರುಗಿದರು, ಮುಖ ಬಿಸಿಯಾಯಿತು, ಇವಳಿಗೆ ನಾನು ಶಾವಿಗೆ ಎಂದೇ ಹೇಳಿದ್ದಲ್ಲವೇ, ಮುಖ ನೋಡಿದರೆ ತಿಳಿಯುತ್ತದೇನೋ. ಹೊರಟೆವು, ನೊಂಗ್‌ವೇಂಗ್ ಕೆರೆಯ ಏರಿಯ ಮೇಲೆ ಬಂದೆವು, ನೀರಿನಾಚೆ ವಿಹಾರದ ಚಿನ್ನದ ಬಣ್ಣದ ಸೂರು, ಉದ್ದನೆಯ ಬಾವುಟಗಳು, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಆದರೆ ರಸ್ತೆ ಕೆರೆಯನ್ನು ಸುತ್ತಿ ಹೋಗಬೇಕು, ಇನ್ನೂ ಹದಿನೈದು ನಿಮಿಷ — ಆಗ ಕೇಳಿಸಿತು, ಜಾಗಟೆ, ಎಂಜಿನ್ನಿನ ಗಡಗಡದ ಅಡಿಯಿಂದ ಒಂದು, ಎರಡು, ಮೂರು, ಊರಿನ ಧ್ವನಿವರ್ಧಕದಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು, ಮೊದಲ ಕಾಂಡಕ್ಕೆ ಮುಂಚಿನ ನಮಸ್ಕಾರ ಶುರುವಾಯಿತು, ನೀರಿನ ಮೇಲೆ ಹಾದು ಬರುತ್ತದೆ, ಬಂದು ಎಂಜಿನ್ನಿನಲ್ಲಿ ಮುಳುಗುತ್ತದೆ. ನಾನು ಎದ್ದು ನಿಂತಿದ್ದೇನೆ, ಯಾವಾಗ ಎದ್ದೆ, ಸುವಿತ್, ಮಗಾ, ಗಾಡಿ ನಿಲ್ಲಿಸು, ಇಲ್ಲಿಳಿದು ಈಜ್ತೀರಾ ದೊಡ್ಡಮ್ಮ, ಇಲ್ಲಪ್ಪ, ನಿಲ್ಲಿಸಿ ಎಂಜಿನ್ ಆರಿಸು, ಹತ್ತೊಂಬತ್ತು ಗಾಥೆ ಅಷ್ಟೇ, ಇಲ್ಲೇ ಕೇಳ್ತೀನಿ. ಗಾಡಿ ನಿಂತಿತು, ಎಂಜಿನ್ ನಿಲ್ಲಲಿಲ್ಲ, ಅವನ ಬಲಗೈ ಕೀಲಿಯ ಮೇಲೆ ಬಂದು ಕೂತಿತು, ಎರಡು ಬೆರಳು, ಉಗುರಿನ ಸಂದಿನಲ್ಲಿ ಎಣ್ಣೆಯ ಕಪ್ಪು, ತಿರುಗಿಸಲಿಲ್ಲ, ಆರಿಸಿದ್ರೆ ಮತ್ತೆ ಹೊತ್ಕೊಳ್ಳಲ್ಲ ದೊಡ್ಡಮ್ಮ, ಬ್ಯಾಟರಿ ಸತ್ತಿದೆ, ಬೆಳಿಗ್ಗೆ ನಾಲ್ಕು ಜನ ತಳ್ಳಿದ್ಮೇಲೇ ಇದು ಬದುಕಿದ್ದು, ಅದಕ್ಕೇ ನಿಲ್ದಾಣದಲ್ಲೂ ಆರಿಸ್ಲಿಲ್ಲ. ನನ್ನ ಮಂಜು, ಅಂದಳು ಪಕ್ಕದವಳು, ಹತ್ತು ಗಂಟೆಗೆ ಕೋಳಿ ಅಂಕದ ಅಖಾಡ, ಅಂದ ಹುಂಜದವನು, ಸರಿ, ಅವರದೂ ಸರಿ, ಕೂತುಬಿಡು ಖಾಂಪುನ್, ನನಗೇ ಹೇಳಿಕೊಂಡೆ, ಊರವರ ಹೊತ್ತನ್ನು ಕೇಳುವುದಕ್ಕೆ ನೀನು ಯಾರು, ಇಂದ್ರನ ರಾಣಿಯೇ — ಆದರೆ ನಾಚದೆ ಕೇಳಿದಳಲ್ಲೇ ಮಗಳೇ, ಕಾಲು ಬಗ್ಗುತ್ತಿಲ್ಲ, ಕಣ್ಣು ಆ ಕೈ ಬಿಟ್ಟು ಕದಲುತ್ತಿಲ್ಲ, ಗುರುಗಳೇ, ಅಂದೆ, ಇಲ್ಲಿ ಕೂತು ಕೇಳಿದ್ರೆ ಅದು ಕೇಳಿದ ಹಾಗೆ ಆಗುತ್ತಾ, ಭಿಕ್ಷುಗಳು ಪಟ್ಟಿ ಇಲ್ಲದ ಕಣ್ಣಿನಿಂದ ಕೆರೆಯನ್ನೇ ನೋಡುತ್ತಾ, ಒಳಗೆ ಕೂತು ಗೊರಕೆ ಹೊಡೆಯೋರಿಗೆ ಪುಣ್ಯ ಸಿಗೋದಾದ್ರೆ, ತಾಯೀ, ಬಸ್ಸಲ್ಲಿ ಎಚ್ಚರ ಇರೋರಿಗೆ ಯಾಕೆ ಸಿಗಬಾರದು, ಅಂದರು, ತಳ್ಳೋ ಹೊತ್ತಿಗೆ ನಾನೂ ಇಳೀತೀನಿ, ಅಷ್ಟಾದ್ರೂ ಭಾರ ಕಡಿಮೆಯಾಗ್ಲಿ. ಹಿಂದಿನ ಸೀಟಿನಲ್ಲಿ ಯಾರೋ ಕಿಸಕ್ಕೆಂದರು, ಮಂಜಿನವಳು ಪೆಟ್ಟಿಗೆಯ ಮೇಲೆ ಗೋಣಿ ಸರಿಯಾಗಿ ಹೊದಿಸಿದಳು, ಮೊದಲನೇದು ಕೇಳಿದ್ರಿ ಅನ್ನಿ, ನಾವು ಸುತ್ತಿ ಹೋಗೋಷ್ಟರಲ್ಲಿ ಎರಡನೇದು ಶುರುವಾಗಲ್ವಾ ಅಕ್ಕ, ಇಲ್ಲಮ್ಮ, ನಡುವೆ ಜಾಗಟೆ, ಕಾಣಿಕೆ, ಡೋಲು ಬಡಿದು ಕುಣಿಯೋರು, ಒಬ್ರು ಪೀಠ ಇಳಿದು ಇನ್ನೊಬ್ರು ಹತ್ತೋಕೆ ಅರ್ಧ ಗಂಟೆ ಬೇಕು, ಹಾಗಾದ್ರೆ ಆರಿಸೋ ಸುವಿತ್, ನನ್ನ ಹುಂಜವೂ ಎರಡಕ್ಷರ ಕೇಳ್ಲಿ, ಇವತ್ತು ಉಳಿಯುತ್ತೋ ಇಲ್ವೋ, ಅಂದ ಹುಂಜದವನು. ಸುವಿತ್ ಕನ್ನಡಿಯಲ್ಲಿ ಹೆಂಡತಿಯ ಮುಖ ಹುಡುಕಿದ, ತಳ್ಳೋರು ಕೈ ಎತ್ತಿ, ಅಂದಳು ಬುವಾಲೈ, ಒಂದು, ಮೂರು, ಏಳು, ಆಮೇಲೆ ನಾನು ನೋಡಲಿಲ್ಲ, ನನಗೆ ಕಾಣುತ್ತಿರುವುದು ಒಂದೇ ಕೈ, ಕೀಲಿಯ ಮೇಲಿನ ಎರಡು ಬೆರಳು, ಆಚೆ ನಮಸ್ಕಾರ ಮುಗಿಯುತ್ತಾ ಬಂದಿದೆ, ಅಂಗಡಿಯಲ್ಲಿ ಇವರು ಅನ್ನದ ಬುಟ್ಟಿ ಮುಚ್ಚಿದರೋ ಇಲ್ಲವೋ, ಶಾಲೆಯವರು ಬಂದು ಒಯ್ದರೋ, ಬೇಡ, ಬೇಡ, ಬಸ್ಸಿನ ನಡುಕ ಕಾಲಿನಿಂದ ಹಲ್ಲಿಗೆ ಬರುತ್ತಿದೆ, ನನಗೆ ಒಂಬತ್ತು ವರ ಬೇಡ, ಕಪ್ಪು ಕೂದಲು ಬೇಡ, ಈ ಒಂದು, ಇಷ್ಟು ಹೊತ್ತು, ಕಿವಿ ಇರುವಲ್ಲಿ ನಾನೂ — ಬೆರಳು ತಿರುಗಿತು. ಗಡಗಡ ನಿಂತಿತು. ಸೀಟು ನಿಂತಿತು, ಹಲ್ಲು ನಿಂತಿತು, ಎಲ್ಲಿಂದಲೋ ಒಂದು ಹಕ್ಕಿ, ಅದೂ ಸುಮ್ಮನಾಯಿತು, ನೀರಿನ ಮೇಲಿಂದ ಮುದಿ ಗಂಟಲೊಂದು ಬಿಚ್ಚಿಕೊಂಡಿತು, ಫುಸತೀ, ಎಂದು ಹೆಸರು ಹಿಡಿದು ಕರೆಯಿತು, ನಾನು, ನಾನು ಏನನ್ನೋ ಯೋಚಿಸುತ್ತಿದ್ದೆ, ಮರೆತೇಹೋಯಿತು, ಎಣ್ಣೆಯ ಕಪ್ಪಿನ ಆ ಕೈ ಕೀಲಿಯನ್ನು ಬಿಟ್ಟಿತು, ಇನ್ನೊಂದು ಕೈಯನ್ನು ಹುಡುಕಿಕೊಂಡು ಎದೆಯ ಹತ್ತಿರ ಬಂತು, ಕೂಡಿತು, ಆ ಎರಡು ಕೈ, ಆ ಗಂಟಲು, ಕಿವಿ ಇಲ್ಲಿದೆ, ನಾನೂ ಇಲ್ಲೇ