ಅದೇ ಹೆಸರಿನ ವೈಫೈ

ತಂಗಿ ಲ್ಯಾಪ್‌ಟಾಪನ್ನು ಹಸುಗೂಸಿನಂತೆ ಎರಡೂ ಕೈಯಲ್ಲಿ ಎತ್ತಿಕೊಂಡು ಮನೆಯೆಲ್ಲ ತಿರುಗುತ್ತಿದ್ದಳು.

"ನೋಡಕ್ಕಾ, ಕಿಟಕಿ ಹತ್ರ ಬಂದ್ರೆ ಸಿಗ್ನಲ್ಲು ನಾಲ್ಕೂ ಕಡ್ಡಿ. ಆದ್ರೆ ಒಂದು ಪೇಜೂ ನೆಟ್ಟಗೆ ತೆರೆಯಲ್ಲ."

"ರೌಟರ್ ಇರೋದು ಅಡುಗೆಮನೆ ಬಾಗಿಲಲ್ಲಿ. ದೂರ ಹೋದಷ್ಟೂ ಕಡ್ಡಿ ಜಾಸ್ತಿ ಆಗತ್ತೇನೇ? ನಿನ್ದೆಲ್ಲಾ ಉಲ್ಟಾ."

"ನನ್ನ ಹಣೆಬರಹವೇ ಉಲ್ಟಾ. ವೈಫೈ ಯಾವ ಲೆಕ್ಕ? ಬೇಗ ನೋಡು ಮಾರಾಯ್ತಿ. ಇವತ್ತು ಮಧ್ಯಾಹ್ನಕ್ಕೇ ಶಾಲೆ ಬಿಡ್ತಾರಂತೆ, ವ್ಯಾನೂ ಇಲ್ವಂತೆ, ಬೆಳಿಗ್ಗೆ ಮೇಲ್ ಬಂದಿತ್ತು. ಗುಬ್ಬೀನ ನಾನೇ ಹೋಗಿ ಕರ್ಕೊಂಡು ಬರ್ಬೇಕು."

ಗುಬ್ಬಿ ಅವಳ ಮಗಳು. ಗಂಡನ ಮನೆಯಿಂದ ತಂಗಿ ತಂದದ್ದು ಆ ಮಗುವನ್ನು, ಎರಡು ಚೀಲಗಳನ್ನು ಮತ್ತು ಈ ಲ್ಯಾಪ್‌ಟಾಪನ್ನು. "ಎಲ್ಲಿಗೆ ಹೋದ್ರೂ ಹುಡುಕ್ತೀನಿ. ನೀನು ಬೇಡ, ನನಗೆ ಮಗು ಸಾಕು" ಎಂದು ಅವನು ಹೊಸಿಲಲ್ಲಿ ನಿಂತು ಮೆಲ್ಲಗೆ ಹೇಳಿದ್ದನಂತೆ. ಕೂಗಾಡಿದ್ದರೆ ಇಷ್ಟು ಭಯವಾಗುತ್ತಿರಲಿಲ್ಲ ಎನ್ನುತ್ತಾಳೆ ತಂಗಿ. ಅವಳಿಗೆಂದು ಬಾಡಿಗೆಗೆ ಹಿಡಿದ ಈ ಮನೆಯ ವಿಳಾಸವನ್ನು ನಾನು ನಮ್ಮ ಸೋದರಮಾವನಿಗೂ ಹೇಳಿಲ್ಲ. ಮಾವನ ಬಾಯಿ ಗೊತ್ತಲ್ಲ, ಊರವರೆಲ್ಲ ಸೇದುವ ಬಾವಿ.

ನನ್ನದು ಟೈಪಿಂಗು, ಪ್ರಿಂಟಿನ ಸಣ್ಣ ಅಂಗಡಿ. ಕಂಪ್ಯೂಟರ್ ರಿಪೇರಿಯನ್ನು ಯಾರೂ ಕಲಿಸಲಿಲ್ಲ. ಕೆಟ್ಟದ್ದನ್ನು ಬಿಚ್ಚುತ್ತಾ, ಸರಿಯಿದ್ದದ್ದನ್ನು ಕೆಡಿಸುತ್ತಾ ಕಲಿತೆ. 'ನಿಮ್ಮ ಮಗುವಿನ ಶಾಲೆಯ ಫೋಟೋ' ಅಂತ ಯಾರೋ ಕಳಿಸಿದ ಮೇಲನ್ನು ತಂಗಿ ತೆರೆದು, ಲ್ಯಾಪ್‌ಟಾಪಿಗೆ ವೈರಸ್ ಹತ್ತಿಸಿಕೊಂಡಿದ್ದಳು. ಹೋದ ವಾರ ಅದನ್ನು ತೆಗೆದವಳು ನಾನೇ. ಅಂದಿನಿಂದಲೇ ವೈಫೈ ಕಾಟ ಶುರುವಾದದ್ದು.

ವೈರಸ್ಸು ಕೆಟ್ಟ ಬಾಡಿಗೆದಾರನ ಹಾಗೆ. ಮನೆ ಬಿಟ್ಟರೂ ಗೋಡೆಯಲ್ಲಿ ಮೊಳೆ ಬಿಟ್ಟು ಹೋಗಿರುತ್ತದೆ. ಹುಡುಕಿದೆ. ಇಂಟರ್ನೆಟ್ಟಿಗೆ ಹೋಗುವ ದಾರಿಯನ್ನೇ ಬೇರೆಲ್ಲಿಗೋ ತಿರುಗಿಸಿದ್ದ ಒಂದು ಸೆಟ್ಟಿಂಗ್ ಸಿಕ್ಕಿತು. ಕಿತ್ತೆಸೆದೆ. ಅಡುಗೆಮನೆಯಲ್ಲಿ ಎಲ್ಲ ಸರಿಹೋಯಿತು. ಕಿಟಕಿಯ ಹತ್ತಿರ ಬಂದರೆ ಮತ್ತೆ ಅದೇ ರಾಗ.

"ಇಲ್ಲಿ ಕೂತ್ರೆ ಇಮೇಲಿನ ಪಾಸ್‌ವರ್ಡನ್ನ ಮತ್ತೆ ಮತ್ತೆ ಕೇಳತ್ತೆ," ಎಂದಳು.

"ಕೊಟ್ಯಾ?"

"ಕೇಳಿದ್ರೆ ಕೊಡ್ದೆ? ಬೆಳಿಗ್ಗೆ ಮೂರು ಸಲ ಕೊಟ್ಟೆ."

ನಾನು ವೈಫೈ ಹೆಸರು ನೋಡಿದೆ. ಗುಬ್ಬಿಗೂಡು.

"ಇದು ಆ ಮನೆ ವೈಫೈ ಹೆಸರಲ್ವೇನೇ?"

"ಹೂಂ. ಇಲ್ಲಿಗೂ ಅದೇ ಹೆಸರು, ಅದೇ ಪಾಸ್‌ವರ್ಡು ಇಟ್ಟೆ. ಎಲ್ಲಾ ತಾವಾಗೇ ಕನೆಕ್ಟ್ ಆಗ್ತವೆ, ಕಿರಿಕಿರಿ ಇಲ್ಲ. ಮಗೂಗೂ ನಮ್ಮನೆ ಅನ್ಸತ್ತೆ."

"ಸೋಮಾರಿ ಕತ್ತೆ. ಮೊದ್ಲು ಆ ಹೆಸರು ಬದಲಾಯಿಸೋಣ. ಏನಿಡ್ಲಿ?"

"'ಮನೇಲಿ ಯಾರೂ ಇಲ್ಲ' ಅಂತಿಡು," ಎಂದು ನಕ್ಕಳು. ತುಂಬಾ ದಿನದ ಮೇಲೆ ಕೇಳಿದ ನಗು. ಹಾಗೇ ಇಟ್ಟೆ.

ಕಿಟಕಿಯ ಹತ್ತಿರ ಕೂತು ಪಟ್ಟಿ ತೆರೆದೆವು. 'ಮನೇಲಿ ಯಾರೂ ಇಲ್ಲ' ಎರಡು ಕಡ್ಡಿಯಲ್ಲಿ ಕಾಣಿಸಿತು. ಅದರ ಮೇಲೆ, ನಾಲ್ಕೂ ಕಡ್ಡಿ ತುಂಬಿಕೊಂಡು, ಗುಬ್ಬಿಗೂಡು.

"ಹಳೇದು ಇನ್ನೂ ಹೋಗಿಲ್ವಾ ಅಕ್ಕಾ?"

"ರೌಟರ್ ಪ್ಲಗ್ ಕೀಳು."

ಹೋಗಿ ಕಿತ್ತಳು. 'ಮನೇಲಿ ಯಾರೂ ಇಲ್ಲ' ಅಳಿಸಿಹೋಯಿತು. ಗುಬ್ಬಿಗೂಡು ಅಲುಗಲಿಲ್ಲ.

ತಂಗಿ ಪ್ಲಗ್ಗನ್ನು ಕೈಯಲ್ಲಿ ಹಿಡಿದೇ ನಿಂತಿದ್ದಳು. ನಾನು ಬಿಡಿಸಿ ಹೇಳಬೇಕಾಗಲಿಲ್ಲ. ಒಂದೇ ಹೆಸರಿನ ಇಬ್ಬರು ಕರೆದರೆ ಲ್ಯಾಪ್‌ಟಾಪು ಜೋರಾಗಿ ಕೂಗಿದವನ ಕಡೆ ಹೋಗುತ್ತದೆ. ಆ ಹೆಸರು, ಆ ಪಾಸ್‌ವರ್ಡು ಗೊತ್ತಿದ್ದವನು ಈ ಭೂಮಿಯ ಮೇಲೆ ಇನ್ನೊಬ್ಬನೇ, ಅವಳ ಗಂಡ. ಫೋಟೋ ಅಂತ ಬಂದ ಆ ವೈರಸ್ಸೇ ಅವನಿಗೆ ಈ ಮನೆಯ ದಾರಿ ತೋರಿಸಿರಬೇಕು.

ಕಿಟಕಿ ಪರದೆಯ ಅಂಚಿನಿಂದ ಬೀದಿ ನೋಡಿದೆ. ಬಿಸಿಲು. ಇಸ್ತ್ರಿ ಅಂಗಡಿಯ ಮುಂದೆ ಎರಡು ಸ್ಕೂಟರು. ಆಚೆ ಬದಿಯ ಮರದ ಕೆಳಗೆ ನಾಲ್ಕೈದು ಕಾರು, ಗಾಜುಗಳೆಲ್ಲ ಮುಚ್ಚಿದ್ದವು. ಒಂದರ ಮೇಲೆ ಮಾತ್ರ ಎಲೆ ಬಿದ್ದಿರಲಿಲ್ಲ.

"ಬಾಗಿಲು ಹಾಕಿದೀಯಾ?" ಎಂದೆ.

"ಹಾಕಿದೀನಿ. ಚಿಲಕಾನೂ ಹಾಕಿದೀನಿ."

ಆಗ ಕೆಳಗೆ ಎಲ್ಲೋ ಎಂಜಿನ್ ಸದ್ದಾಯಿತು. ಗುಬ್ಬಿಗೂಡು ಮೂರು ಕಡ್ಡಿಗೆ ಇಳಿಯಿತು. ಎರಡು. ಒಂದು. ಹೆಸರೇ ಮಾಯವಾಯಿತು. ಮರದ ಕೆಳಗೆ ಒಂದು ಕಾರಿನಷ್ಟು ಜಾಗ ಖಾಲಿಯಾಗಿತ್ತು.

"ಹೋದ," ಎಂದಳು ತಂಗಿ. "ಗೊತ್ತಾಯ್ತು ಅಂತ ಹೆದರಿ ಹೋದ, ಅಲ್ವಾ ಅಕ್ಕಾ?"

ಹೌದು ಅನ್ನೋಣವೆಂದು ಬಾಯಿ ತೆರೆದೆ. ಬೆಳಿಗ್ಗೆ ಇವಳು ಮೂರು ಸಲ ಕೊಟ್ಟ ಪಾಸ್‌ವರ್ಡು ನೆನಪಾಯಿತು. ಅದು ಹೋಗಿದ್ದು ಅವನ ಕೈಗೇ.

"ಶಾಲೆ ಮೇಲನ್ನ ಎಲ್ಲಿ ಕೂತು ಓದ್ದೆ?"

"ಇಲ್ಲೇ, ಕಿಟಕಿ..." ಮರುಕ್ಷಣ ಮೆಟ್ಟಿಲ ಮೇಲೆ ಅವಳ ಬರಿಗಾಲಿನ ಸದ್ದು. ಚಪ್ಪಲಿ ಬಾಗಿಲಲ್ಲೇ ಉಳಿದಿತ್ತು.

ನಾನು ಶಾಲೆಗೆ ಫೋನ್ ಮಾಡಿದೆ. ಬಹಳ ಹೊತ್ತು ರಿಂಗಾದ ಮೇಲೆ ಒಬ್ಬ ಟೀಚರ್ ಎತ್ತಿಕೊಂಡರು. ತಂಗಿಯ ಮಗಳ ಗುರುತು ಹೇಳಿ, "ಅವರಮ್ಮ ಬರೋವರೆಗೂ ಯಾರ ಜೊತೆಗೂ ಕಳಿಸ್ಬೇಡಿ, ಅಪ್ಪ ಅಂದ್ರೂ ಕಳಿಸ್ಬೇಡಿ," ಎಂದೆ.

"ಅಯ್ಯೋ, ಆ ಮರಿನಾ? ಈಗ್ತಾನೇ ಗೇಟ್ ಹತ್ರ ಕುಣೀತಾ ಇದ್ಲು. ತಡೀರಿ, ನೋಡಿ ಹೇಳ್ತೀನಿ."

ಫೋನನ್ನು ಮೇಜಿನ ಮೇಲಿಟ್ಟ ಸದ್ದು. ದೂರವಾಗುವ ಹೆಜ್ಜೆಗಳು. ಆಮೇಲೆ ಮಕ್ಕಳ ಗಲಾಟೆ, ಯಾವುದೋ ಕಾರಿನ ಹಾರ್ನು. ಅಷ್ಟು ದನಿಗಳ ನಡುವೆ ಗುಬ್ಬಿಯದು ಯಾವುದೆಂದು ನಾನು ಕಿವಿಗೊಟ್ಟು ಹುಡುಕುತ್ತಲೇ ನಿಂತಿದ್ದೆ.